ಪುಸ್ತಕದ ಮಾವ

ಪ್ರತಿ ಮನೆತನದಲ್ಲೂ ಒಂದೊಂದು ಖಾತೆಗೆ ಒಬ್ಬೊಬ್ಬ ಮಂತ್ರಿ ಇರುತ್ತಾನೆ. ನಿಮ್ಮಲ್ಲೂ ಇದ್ದಾನೆ, ಇಲ್ಲ ಅನ್ನಬೇಡಿ. ಗಂಡು-ಹೆಣ್ಣು ಕೂಡಿಸುವುದಕ್ಕೆ ಒಬ್ಬ, ಬೋರ್‌ವೆಲ್ ಪಾಯಿಂಟ್ ನೋಡಿಸುವುದಕ್ಕೆ ಒಬ್ಬ, ಮದುವೆ ಅಡುಗೆಯವರ ಹತ್ತಿರ ಚೌಕಾಸಿಗೆ ಒಬ್ಬ, ಆಸ್ಪತ್ರೆಯಲ್ಲಿ ಡಾಕ್ಟರ ಎದುರು ಇಂಗ್ಲಿಷ್ ಮಾತಾಡುವುದಕ್ಕೆ ಒಬ್ಬ. ಇಷ್ಟೆಲ್ಲ ಹಂಚಿದ ಮೇಲೂ ಯಾವ ಖಾತೆಗೂ ಲಾಯಕ್ಕಿಲ್ಲದವನೊಬ್ಬ ಉಳಿಯುತ್ತಾನೆ. ಅವನಿಗೆ ಪುಸ್ತಕದ ಖಾತೆ ಕೊಡುತ್ತಾರೆ. ನಮ್ಮ ಮನೆತನದಲ್ಲಿ ಅದು ನಾನು.

ಅಡಿಕೆ ಸೀಮೆಯಾದ ಚನ್ನಗಿರಿಯಲ್ಲಿ ಹುಟ್ಟಿ ಬೆಳೆದು, ಅಂಗಳದಲ್ಲಿ ಹರವಿದ ಅಡಿಕೆ ನೋಡಿ ಇದು ರಾಶಿಯೋ ಬೆಟ್ಟೆಯೋ ಎಂದು ಹೇಳಲು ಬಾರದವನಿಗೆ ಬೇರೆ ಯಾವ ಖಾತೆ ಕೊಡಬೇಕು ಹೇಳಿ? ಆದರೆ ಖಾತೆ ಸಣ್ಣದಾದ ಮಾತ್ರಕ್ಕೆ ಜಂಬವೂ ಸಣ್ಣದಿರಬೇಕೆಂದೇನಿಲ್ಲ. ನಮ್ಮ ನಡುಮನೆಯಲ್ಲಿ ಗಾಜಿನ ಬಾಗಿಲಿನ ಬೀರು ಇದೆ. ಅದರ ಕೀಲಿ ನನ್ನ ಅಂಗಿ ಜೇಬಿನಲ್ಲಿ ಇರುತ್ತದೆ. ಬಂದ ನೆಂಟರು ಕಾಫಿ ಕುಡಿಯುವಾಗ ಬೀರು ಕಣ್ಣಿಗೆ ಬೀಳಲಿ ಅಂತ ಕುರ್ಚಿಯನ್ನೂ ಆ ಕಡೆಗೇ ಹಾಕಿಸಿದ್ದೇನೆ. ಅವರು ಟಿ.ವಿ. ಕಡೆಗೆ ತಿರುಗಿಸಿಕೊಂಡು ಕೂರುತ್ತಾರೆ, ಅದು ಬೇರೆ ಮಾತು.

ನನ್ನ ಖಾತೆಗೆ ಸೀಸನ್ ಅಂದರೆ ಏಪ್ರಿಲ್. ಶಾಲೆಗೆ ರಜ ಬಿಟ್ಟ ಮಾರನೇ ದಿನದಿಂದ ಫೋನು ಶುರು. ಹೊನ್ನಾಳಿ ಪಕ್ಕದ ಹಳ್ಳಿಯಲ್ಲಿ ತಂಗಿ ಇದ್ದಾಳೆ, ನ್ಯಾಮತಿ ನನ್ನವಳ ತವರು, ಜಗಳೂರಿನಲ್ಲಿ ಅಕ್ಕನ ಮನೆ. ಮೂರು ಮನೆಗಳಲ್ಲೂ ನಮ್ಮ ಮನೆಯಲ್ಲೂ ಒಂಬತ್ತಕ್ಕೆ ಮೇಲ್ಪಟ್ಟು ಹದಿಮೂರರ ಒಳಗಿನ ಒಂದೊಂದು ಮಗು. ಆ ವಯಸ್ಸಿನ ಹಣೆಬರಹ ನಿಮಗೆ ಗೊತ್ತೇ ಇದೆ. ಕಾಗಕ್ಕ ಗುಬ್ಬಕ್ಕ ಹೇಳಿದರೆ ಮುಖ ಸಿಂಡರಿಸುತ್ತವೆ, ದೊಡ್ಡವರ ಕಾದಂಬರಿ ಕೊಟ್ಟರೆ ಕೊನೆಯ ಪುಟದ ನಂಬರು ನೋಡಿ ವಾಪಸ್ ಕೊಡುತ್ತವೆ. "ಅಣ್ಣಾ, ಏನಾದ್ರೂ ಮಜಾ ಇರೋ ಪುಸ್ತಕ ಹೇಳು, ಕೈಯಾಗಿಂದ ಮೊಬೈಲ್ ಕೆಳಗಿಳಿಬೇಕು ನೋಡು" ಎಂದು ತಂಗಿ. "ಭಾವ, ಸಾಹಸ ಗೀಹಸ ಇರೋದು ಕೊಡ್ರಿ" ಎಂದು ನ್ಯಾಮತಿಯ ಭಾವಮೈದುನ. ನಾನು ಫೋನು ಕಿವಿಗಿಟ್ಟುಕೊಂಡೇ ಎದ್ದು ನಿಲ್ಲುತ್ತೇನೆ. ಇಂಥ ವಿಷಯವನ್ನು ಕೂತು ಮಾತಾಡುವುದು ಖಾತೆಯ ಘನತೆಗೆ ಕುಂದು.

"ಆ ವಯಸ್ಸಿನಲ್ಲಿ ನಾನು ಕಾರಂತರ ಬಾಲಪ್ರಪಂಚ ಓದಿ ಮುಗಿಸಿದ್ದೆ" ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದೆ. ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅವ್ವ ತಲೆ ಎತ್ತಲಿಲ್ಲ. "ಎಲ್ಲಿ ಬಾಲಪ್ರಪಂಚ? ಸಮಾಜ ಪುಸ್ತಕದೊಳಗೆ ನರಸಿಂಹಯ್ಯನ ಪತ್ತೇದಾರಿ ಇಟ್ಕಂಡು ಓದ್ತಿದ್ದೆ. ಆಮೇಲೆ ಕಳ್ಳನ್ನ ಹಿಡಿತೀನಿ ಅಂತ ಹಾಲಿನವನ ಹಿಂದೆ ಸುತ್ತಿ ಅವನ ಕೈಲಿ ಬೈಸ್ಕಂಡು ಬಂದಿದ್ದೆ." ಫೋನಿನ ಆ ಕಡೆಯಿಂದ ತಂಗಿ ನಗುವುದು ಕೇಳಿಸಿತು. ನಾಲ್ಕನೇ ತರಗತಿಯವರೆಗೆ ಓದಿ, 500ಕ್ಕೂ ಹೆಚ್ಚು ಕಾದಂಬರಿ ಬರೆದು, ಇಡೀ ಕರ್ನಾಟಕದ ಹುಡುಗರನ್ನು ಪತ್ತೇದಾರ ಪುರುಷೋತ್ತಮನ ಹಿಂದೆ ಓಡಿಸಿದ ಎನ್. ನರಸಿಂಹಯ್ಯನವರ ಹೆಸರು ಹೇಳಲು ನನಗೆ ನಾಚಿಕೆ ಆಗಬೇಕಿರಲಿಲ್ಲ. ಆದರೆ ಬೀರುವಿನ ಕೀಲಿ ಇಟ್ಟುಕೊಂಡವನು ಸ್ವಲ್ಪ ಬಿಗಿಯಾಗಿರಬೇಕಲ್ಲ.

ಆ ಬಿಗಿಯಲ್ಲೇ ಜಗಳೂರಿನ ಅಕ್ಕನ ಮಗಳಿಗೆ 'ದುರ್ಗಾಸ್ತಮಾನ' ಕಳಿಸಿದೆ. ನನ್ನ ಲೆಕ್ಕಾಚಾರ ನೋಡಿ: ಬರೆದ ತ.ರಾ.ಸು. ಹುಟ್ಟಿದ್ದು ಇಲ್ಲೇ ಮಲೇಬೆನ್ನೂರಿನಲ್ಲಿ, ಕಥೆ ಮದಕರಿ ನಾಯಕನದು, ಜಗಳೂರಾದರೋ 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ತನಕ ಚಿತ್ರದುರ್ಗಕ್ಕೇ ಸೇರಿದ್ದ ತಾಲ್ಲೂಕು. ಕೋಟೆ, ಕತ್ತಿ, ಮದ್ದುಗುಂಡು, ಪಿತೂರಿ, ಇನ್ನೇನು ಬೇಕು? ಹುಡುಗಿಗೆ ಹತ್ತು ವರ್ಷ ಅನ್ನುವುದು, ಪುಸ್ತಕ ಅವಳ ಶಾಲೆ ಬ್ಯಾಗಿಗಿಂತ ಭಾರ ಅನ್ನುವುದು ಆ ಲೆಕ್ಕಾಚಾರದೊಳಗೆ ಬಂದಿರಲಿಲ್ಲ.

ಸ್ವಲ್ಪ ದಿನ ಬಿಟ್ಟು ಅಕ್ಕನ ಫೋನು. "ತಮ್ಮಾ, ನೀನು ಕಳಿಸಿದ ಪುಸ್ತಕ ಭಾಳ ಉಪಯೋಗ ಆತು ಕಣೋ."

ನಾನು ಸ್ಪೀಕರ್ ಒತ್ತಿ ಮನೆಯವರೆಲ್ಲ ಕೇಳುವಂತೆ ಫೋನನ್ನು ಎತ್ತಿ ಹಿಡಿದೆ. "ಹೌದಾ ಅಕ್ಕಾ? ಹೇಗೆ?"

"ನಮ್ಮ ಜಗಳೂರು ಗಾಳಿ ನಿನಗೆ ಗೊತ್ತಲ್ಲ. ಹಿತ್ತಲ ಬಾಗ್ಲು ಹಗಲೂ ರಾತ್ರಿ ದಡಾರ್ ಅಂತ ಬಡ್ಕಂತಿತ್ತು. ಈಗ ಅದನ್ನ ಕೊಟ್ಟು ನಿಲ್ಲಿಸೀವಿ. ಅಲ್ಲಾಡಲ್ಲ."

ನನ್ನವಳು ಒಳಗಿನಿಂದ, "ಕೋಟೆ ಬಾಗ್ಲಾನೇ ಕಾಯ್ತಾ ಐತೆ ಬಿಡ್ರಿ" ಅಂದಳು. ಆಮೇಲೆ ಚಟ್ನಿಪುಡಿ ಡಬ್ಬಿ ಮುಚ್ಚುತ್ತ ಒಂದು ಮಾತು ಸೇರಿಸಿದಳು: "ಮಕ್ಕಳಿಗೆ ಕೊಡೋ ಪುಸ್ತಕದಾಗೆ ಮಕ್ಕಳಿರಬೇಕು ರೀ. ನಿಮ್ಮ ಅಭಿಮಾನ ಇದ್ದರೆ ಏನು ಉಪಯೋಗ?"

ಸರಿ, ಪಟ್ಟಿ ಬದಲಾಯಿಸಿದೆ. ಈ ಸಲ ಶಿಸ್ತಿನಿಂದ ಹೊರಟೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲಸಾಹಿತ್ಯ ಪುರಸ್ಕಾರ ಕೊಡುತ್ತಿದೆಯಲ್ಲ, ಅದರಲ್ಲಿ ಕನ್ನಡದ ಮಕ್ಕಳ ಕಾದಂಬರಿಗಳು ಯಾವುವು ಎಂದು ಬರೆದುಕೊಂಡು ಬಾಯಿಪಾಠ ಮಾಡಿದೆ. ಸಾಗರದ ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು', 2011. ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', 2021. ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', 2022. ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್', 2023. ಹೆಸರು ಕೇಳಿದರೇ ಬಾಗಿಲಾಚೆ ಓಡಬೇಕು ಅನ್ನಿಸುತ್ತದೋ ಇಲ್ಲವೋ? ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಾಗ ಪಕ್ಕದವರಿಗೆ ಈ ಇಸವಿಗಳನ್ನೆಲ್ಲ ಒಪ್ಪಿಸಿದೆ. ಅವರು "ಪಾಯಸ ಈ ಕಡೆ" ಎಂದು ಕೈ ಎತ್ತಿದರು. ನನ್ನ ಮಾತಿಗೆ ಅಲ್ಲ.

ಹೆಸರು ಕೇಳಿದರೇ ಓಡಬೇಕು ಅನ್ನಿಸುತ್ತದೆ ಅಂದೆನಲ್ಲ, ನ್ಯಾಮತಿಯಲ್ಲಿ ಹಾಗೇ ಆಯಿತು.

ನ್ಯಾಮತಿಯವರಿಗೆ ಈಗ ಸ್ವಲ್ಪ ಗತ್ತು ಜಾಸ್ತಿ. ಮೊದಲು ಹೊನ್ನಾಳಿ ತಾಲ್ಲೂಕಿನೊಳಗಿನ ಊರು, ಈಗ ಅದೇ ಒಂದು ತಾಲ್ಲೂಕು. ಅಂಥ ಊರಿನ ಅಳಿಯ ನಾನು, ಬರಿಗೈಯಲ್ಲಿ ಹೋಗುವುದುಂಟೇ? ಹೂವು ಹಣ್ಣಿನ ಜೊತೆ 'ಓಡಿ ಹೋದ ಹುಡುಗ' ತೆಗೆದುಕೊಂಡು ಹೋಗಿ ಭಾವಮೈದುನನ ಮಗನ ಕೈಗಿಟ್ಟೆ. ಹುಡುಗನ ತಾಯಿ ಮುಖಪುಟ ನೋಡಿ ಗಂಡನ ಮುಖ ನೋಡಿದಳು. ಗಂಡ ನನ್ನ ಮುಖ ನೋಡಿದ. ನಾನು "ಅಕಾಡೆಮಿ ಪ್ರಶಸ್ತಿ, 2021" ಅಂದೆ. ಯಾರೂ ಮಾತಾಡಲಿಲ್ಲ.

ಮಾರನೇ ದಿನ ಮಧ್ಯಾಹ್ನ ಊಟಕ್ಕೆ ಕರೆದರೆ ಹುಡುಗ ಇಲ್ಲ. ಹಾಸಿಗೆ ಮೇಲೆ ಪುಸ್ತಕ ಬೋರಲಾಗಿ ಬಿದ್ದಿದೆ, ಮುಖಪುಟ ಮೇಲೆ, ಹೆಸರು ದೊಡ್ಡದಾಗಿ. ಮನೆಯಲ್ಲಿ ಒಂದು ಸಲ ಅಳು ಎದ್ದರೆ ಓಣಿ ಸೇರಲು ಎಷ್ಟು ಹೊತ್ತು? "ಚನ್ನಗಿರಿ ಅಳಿಯಂದಿರು ಓಡಿಹೋಗೋದು ಹ್ಯಾಂಗೆ ಅಂತ ಪುಸ್ತಕ ಕೊಟ್ಟಿದ್ರಂತೆ" ಎಂದು ಯಾರೋ ಅಂದರು. ಒಂದು ಗುಂಪು ಬಸ್‌ಸ್ಟ್ಯಾಂಡಿಗೆ ಹೋಯಿತು. ಒಂದು ಗುಂಪು ಸಂತ ಸೇವಾಲಾಲರ ಸೂರಗೊಂಡನಕೊಪ್ಪದ ರಸ್ತೆ ಹಿಡಿಯಿತು. ನನ್ನನ್ನು ಯಾವ ಗುಂಪೂ ಸೇರಿಸಿಕೊಳ್ಳಲಿಲ್ಲವಾದ್ದರಿಂದ ನಾನೇ ಒಂದು ಗುಂಪಾಗಿ ತೀರ್ಥರಾಮೇಶ್ವರದ ಕಡೆ ಮೊಪೆಡ್ ಓಡಿಸಿದೆ. ಬಿಸಿಲಿಗೆ ನಾಲಿಗೆ ಒಣಗಿ, ಸಿಕ್ಕವರನ್ನೆಲ್ಲ ನಿಲ್ಲಿಸಿ, ಹುಡುಗನ ಅಂಗಿಯ ಬಣ್ಣ ಹೇಳಿದೆ. ಅಂಗಿ ಬಣ್ಣ ನನಗೆ ನೆನಪಿರಲಿಲ್ಲ. ಅಂದಾಜಿನ ಮೇಲೆ ನೀಲಿ ಅಂದೆ.

ಸೋತು ವಾಪಸ್ ಬಂದರೆ ಮನೆ ಮುಂದೆ ಬಸ್‌ಸ್ಟ್ಯಾಂಡ್ ಗುಂಪು ಆಗಲೇ ಬಂದು ಮಜ್ಜಿಗೆ ಕುಡಿಯುತ್ತಿದೆ. ಅವರ ನಡುವೆ ಹುಡುಗನೂ ಕೂತು ಮಜ್ಜಿಗೆ ಕುಡಿಯುತ್ತಿದ್ದಾನೆ. ಅಂಗಿ ಹಳದಿ. ವಿಷಯ ಇಷ್ಟೇ: ಅವನು ಹಿಂದಿನ ಓಣಿಯಲ್ಲಿ ಕ್ರಿಕೆಟ್ ಆಡುತ್ತಿದ್ದ. "ಯಾರೋ ಹುಡುಗ ಓಡಿಹೋಗಿದಾನಂತೆ, ಹುಡುಕಕ್ಕೆ ಬರ್ರೋ" ಎಂದು ಜನ ಕೂಗಿಕೊಂಡು ಹೋಗುವಾಗ ಯಾರದೋ ಬೈಕಿನ ಹಿಂದೆ ಹತ್ತಿ ಬಸ್‌ಸ್ಟ್ಯಾಂಡೆಲ್ಲ ತನ್ನನ್ನೇ ಹುಡುಕಿ ಬಂದಿದ್ದಾನೆ. "ಭಾಳ ಮಜಾ ಇತ್ತು ಮಾವ, ಪ್ರತಿ ಬಸ್ಸಿನ ಒಳಗೆ ಹತ್ತಿ ನೋಡಿದ್ವಿ" ಅಂದ. ಹಾಗಾದರೆ ಹಾಸಿಗೆ ಮೇಲೆ ಪುಸ್ತಕ ಓದುತ್ತಿದ್ದವರು ಯಾರು? ಅತ್ತೆಯವರು ಸೆರಗಿನಲ್ಲಿ ಕನ್ನಡಕ ಒರೆಸಿಕೊಳ್ಳುತ್ತ, "ನಾನೇ ಅಳಿಯಂದಿರೇ, ಅರ್ಧಕ್ಕೆ ನಿದ್ದೆ ಬಂತು. ಇನ್ನೊಂದಿದ್ದರೆ ಕಳಿಸಿಕೊಡ್ರಿ" ಅಂದರು. ನನ್ನ ಖಾತೆಯ ಇಡೀ ಇತಿಹಾಸದಲ್ಲಿ ತಾವು ಓದಲೆಂದು ಬೇಡಿ ಪುಸ್ತಕ ಕೇಳಿದವರು ಅವರೊಬ್ಬರೇ. ಅವರಿಗೆ ಎಪ್ಪತ್ತು ದಾಟಿದೆ.

ಹೊನ್ನಾಳಿಯ ಕಥೆ ಇದಕ್ಕಿಂತ ಎತ್ತರದ್ದು. ಎತ್ತರ ಎಂದರೆ ಮಾವಿನ ಮರದ ಎತ್ತರ.

ತಂಗಿಯ ಮಗನಿಗೆ ತೇಜಸ್ವಿಯವರ 'ಕಾಡಿನ ಕತೆಗಳು' ಹೇಳಿದ್ದೆ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಬರೆದ ಶಿಕಾರಿ ಅನುಭವಗಳನ್ನು ತೇಜಸ್ವಿ ಕನ್ನಡದ ಮಣ್ಣಿಗಿಳಿಸಿದ ಮಾಲೆ: 'ಬೆಳ್ಳಂದೂರಿನ ನರಭಕ್ಷಕ', 'ಪೆದ್ದಚೆರುವಿನ ರಾಕ್ಷಸ', 'ಜಾಲಹಳ್ಳಿಯ ಕುರ್ಕ', 'ಮುನಿಶಾಮಿ ಮತ್ತು ಮಾಗಡಿ ಚಿರತೆ'. ಹತ್ತು-ಹನ್ನೆರಡರ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಹಿಡಿತದ ಪುಸ್ತಕ ನಾನು ಕಂಡಿಲ್ಲ. ಹೆಜ್ಜೆ ಗುರುತು, ಹಕ್ಕಿಯ ಎಚ್ಚರಿಕೆ ಕೂಗು, ಮರದ ಮೇಲೆ ಅಟ್ಟಣೆ, ಉಸಿರು ಬಿಗಿಹಿಡಿದ ರಾತ್ರಿ. ನಾನು ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. "ಆಂಡರ್ಸನ್ನನ 1954ರ ಮೊದಲ ಪುಸ್ತಕದಲ್ಲೇ ಹೊಸದುರ್ಗ-ಹೊಳಲ್ಕೆರೆಯ ನರಭಕ್ಷಕ ಹುಲಿಯ ಕಥೆ ಇದೆ ಕಣೋ, ನಮ್ಮ ಚನ್ನಗಿರಿಯ ಮಗ್ಗುಲು" ಎಂದು ಬಾಯಿಬಿಟ್ಟೆ. ಹುಡುಗನ ಕಣ್ಣು ಅಗಲವಾಯಿತು. "ಹಂಗಾದ್ರೆ ಹೊನ್ನಾಳಿಗೂ ಬರ್ತೈತೆ" ಅಂದ.

ಬಂತು. ತೋಟದ ಕಾಲುವೆ ಬದುವಿನಲ್ಲಿ ಹೆಜ್ಜೆ ಗುರುತು ಕಂಡಿದೆ ಎಂದು ಫೋನು ಮಾಡಿದ. ನಾನು ಹೋದೆ. ನೋಡಿದೆ. ನಾಲ್ಕು ಬೆರಳು, ಒಂದು ಅಂಗಾಲು. ಪುಸ್ತಕದ ಮಾವನಾದವನು "ಗೊತ್ತಿಲ್ಲ" ಅನ್ನಲಾಗುತ್ತದೆಯೇ? ಕನ್ನಡಕ ಏರಿಸಿ, "ಗಂಡು ಚಿರತೆ. ಎಡಗಾಲು ಕುಂಟು" ಅಂದೆ. ಕುಂಟು ಅಂತ ಯಾಕೆ ಸೇರಿಸಿದೆನೋ. ನರಭಕ್ಷಕ ಅಂದರೆ ಎಲ್ಲೋ ಒಂದು ಕಡೆ ಕುಂಟು ಇರಬೇಕು ಎಂದು ನನ್ನ ಓದು ನನಗೆ ಹೇಳಿಕೊಟ್ಟಿತ್ತು.

ರಾತ್ರಿ ಹುಡುಗನಿಗೆ ಅಟ್ಟಣೆ ಬೇಕಾಯಿತು. ದೊಡ್ಡವರಿಲ್ಲದೆ ಮರ ಹತ್ತುವ ಹಾಗಿಲ್ಲ ಎಂದು ತಂಗಿ ಕಟ್ಟಪ್ಪಣೆ ಮಾಡಿದಳು. ದೊಡ್ಡವರು ಅಂದರೆ ನಾನು. ಟಾರ್ಚು, ಮಂಡಕ್ಕಿ ಪೊಟ್ಟಣ, ಕಂಬಳಿ ಸಮೇತ ಮಾವಿನ ಮರ ಹತ್ತಿದೆವು. ಹುಡುಗ ಸರಸರ ಏರಿ ಮೇಲಿನ ಕವಲಿಗೆ ಹೋದ. ನಾನು ಕೆಳಗಿನ ಕವಲಿನಲ್ಲಿ ಸಿಕ್ಕಿಕೊಂಡೆ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಆಗ ಗೊತ್ತಾಯಿತು, ಆ ಕವಲು ಆಗಲೇ ಒಂದು ಸಂಸಾರ ಹೂಡಿದ್ದ ಜಾಗ. ಕೆಂಜಿಗದ ಗೂಡು. ಮಾವಿನ ಮರದ ಕೆಂಜಿಗ ಕಚ್ಚಿದವರಿಗೆ ನಾನು ವಿವರಿಸಬೇಕಿಲ್ಲ, ಕಚ್ಚದವರಿಗೆ ವಿವರಿಸಿದರೂ ಪ್ರಯೋಜನವಿಲ್ಲ. ಬಾಯಿ ಬಿಡುವ ಹಾಗೂ ಇಲ್ಲ, "ಶ್! ಮಾವ, ಶಿಕಾರಿ ಅಲ್ಲಾಡಬಾರದು" ಎಂದು ಮೇಲಿನಿಂದ ಅಪ್ಪಣೆ. ಪಂಚೆಯೊಳಗೆ ಕೆಂಜಿಗ ಇಟ್ಟುಕೊಂಡು ಆಂಡರ್ಸನ್ ಕೂಡ ಅಲ್ಲಾಡದೆ ಕೂರುತ್ತಿರಲಿಲ್ಲ.

ಅಷ್ಟರಲ್ಲಿ ಕೆಳಗೆ ಬುಸ್ ಬುಸ್ ಸದ್ದು. ಹುಡುಗ ಟಾರ್ಚು ಬಿಟ್ಟ. ಬೆಳಕಿನಲ್ಲಿ ಎರಡು ಕಣ್ಣು, ಅದರ ಮೇಲೆ ಎರಡು ಕೊಂಬು. ಪಕ್ಕದ ಮನೆಯ ಹೋರಿ, ಹಗ್ಗ ಕಿತ್ತುಕೊಂಡು ಬಂದಿತ್ತು. ಹೋರಿ ಬೆದರಿಸುವ ಹಬ್ಬದಲ್ಲಿ ಕೊಬ್ಬರಿ ಹಾರ ಹಾಕಿಸಿಕೊಂಡು ಅಖಾಡಕ್ಕೆ ನುಗ್ಗುವ ಜಾತಿಯದು. ಅದನ್ನು ತಡೆಯಲು ಪಳಗಿದ ಹುಡುಗರೇ ಹಿಂದೆಮುಂದೆ ನೋಡುತ್ತಾರೆ. ಹೊನ್ನಾಳಿ ಹೊಡ್ತ ಅಂತ ಮಾತು ಕೇಳಿದ್ದೆ, ಆ ರಾತ್ರಿ ಅದು ನೇರ ನನ್ನ ಕೆಳಗೇ ನಿಂತಿತ್ತು. ಮರಕ್ಕೆ ಮೈ ಉಜ್ಜಿಕೊಂಡು ಆರಾಮಾಗಿ ಅಲ್ಲೇ ಮಲಗಿತು. ಬೆಳಗಿನ ಜಾವ ಅದರ ಯಜಮಾನ ಬಂದು ಹಿಡಿದುಕೊಂಡು ಹೋಗುವವರೆಗೆ ನಾನು ಕವಲಿನಲ್ಲಿ. ಹುಡುಗ ಮೇಲೆ ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿದ್ದ. ತಂಗಿ ಬಂದು ತಲೆ ಎತ್ತಿ, "ಅಣ್ಣಾ, ಇಳಿ, ಕಾಫಿ ಆರ್ತೈತೆ" ಅಂದಳು. ಏಣಿ ತರಿಸಿ ನನ್ನನ್ನು ಇಳಿಸುತ್ತಿರುವಾಗ ಕಾಲುವೆ ಬದುವಿನ ಮೇಲೆ ಮನೆಯ ಕಂತ್ರಿ ನಾಯಿ ನಡೆದುಕೊಂಡು ಬಂತು. ಹಿಂದೆ ಸಾಲಾಗಿ ಗಂಡು ಚಿರತೆಯ ಹೆಜ್ಜೆ. ನಾಲ್ಕೂ ಕಾಲು ಗಟ್ಟಿಮುಟ್ಟು.

ಇಷ್ಟಾದ ಮೇಲೂ ಆ ಹುಡುಗನ ಓದು ನಿಂತಿಲ್ಲ. ಅವರ ಊರ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಎಂಬ ಹೆಸರು. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಪುಕ್ಕಟೆ. ಇವನು ತನ್ನ ಕಾರ್ಡು ತೋರಿಸಿ, "ನಿಮ್ಮದು ಕೀಲಿ ಬೀರು ಮಾವ, ನಮ್ಮದು ಬಿಟ್ಟ ಬಾಗ್ಲು" ಅಂದ. ನನ್ನ ಜೇಬಿನ ಕೀಲಿ ಒಂದು ಕ್ಷಣ ಹಗುರವಾಯಿತು.

ಜಗಳೂರಿಗೆ ಹೋದಾಗ ಮಾತ್ರ ಗೆಲ್ಲಲೇಬೇಕೆಂದು ಹೊರಟೆ. ಬಾಗಿಲು ಕಾಯುತ್ತಿದ್ದ ಮದಕರಿ ನಾಯಕನನ್ನು ಬಿಡುಗಡೆ ಮಾಡಿ, ಬದಲಿಗೆ 'ಬಾವಲಿ ಗುಹೆ', 'ಸೂರಕ್ಕಿ ಗೇಟ್' ಎರಡನ್ನೂ ಕೊಟ್ಟೆ. ಹುಡುಗಿ ಎರಡನ್ನೂ ಓದಿ ಮುಗಿಸಿದಳು. ಮುಗಿಸಿ, ಈಗ ಹೊರಗೆ ಕರೆದುಕೊಂಡು ಹೋಗು ಅಂತ ಹಟ ಹಿಡಿದಳು. ಸಾಹಸದ ಪುಸ್ತಕದ ದೊಡ್ಡ ತೊಂದರೆ ಇದು. ಗಣಿತದ ಪುಸ್ತಕ ಓದಿದ ಮಗು ಹೊರಗೆ ಹೋಗಿ ಲೆಕ್ಕ ಮಾಡುತ್ತೇನೆ ಅನ್ನುವುದಿಲ್ಲ.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ವನ್ಯಧಾಮ ಇದೆ, 2011ರಲ್ಲಿ ಘೋಷಣೆಯಾದದ್ದು. ಕೊಂಡುಕುರಿ ಸಾಮಾನ್ಯ ಪ್ರಾಣಿಯಲ್ಲ. ಈಗ ಬದುಕಿರುವ ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬು ಇರುವುದು ಇದೊಂದಕ್ಕೇ. ಕಿವಿಗಳ ನಡುವೆ ಎರಡು ಉದ್ದ, ಹಣೆಯ ಮೇಲೆ ಎರಡು ಮೋಟು. ಬಲು ನಾಚಿಕೆಯ ಪ್ರಾಣಿ, ಒಂಟಿಯಾಗಿ ಓಡಾಡುತ್ತದೆ, ಮನುಷ್ಯರ ವಾಸನೆ ಬಂದರೆ ಪೊದೆ ಸೇರುತ್ತದೆ. ಇದೆಲ್ಲ ನಾನು ದಾರಿಯುದ್ದಕ್ಕೂ ಜೀಪಿನಲ್ಲಿ ಗಟ್ಟಿಯಾಗಿ ಹೇಳಿಕೊಂಡು ಹೋದೆ. ಸುತ್ತಮುತ್ತಲ ಕೊಂಡುಕುರಿಗಳಿಗೂ ಕೇಳಿಸಿರಬೇಕು, ಒಂದೂ ಬರಲಿಲ್ಲ.

ಬಿಸಿಲು ಏರಿತು. ಕುರುಚಲು ಗಿಡಗಳ ಆಚೆ ಏನೋ ಕಂದು ಬಣ್ಣ ಅಲ್ಲಾಡಿತು. "ಅಗೋ!" ಎಂದು ಕೂಗಿದೆ.

ಹುಡುಗಿ ಕಣ್ಣು ಕಿರಿದು ಮಾಡಿ ನೋಡಿದಳು. "ಮಾವ, ಕೊಂಬು ಕಾಣ್ತಿಲ್ಲ."

"ಹೆಣ್ಣು ಕಣಮ್ಮಾ. ಕೊಂಡುಕುರಿಯಲ್ಲಿ ಹೆಣ್ಣಿಗೆ ಕೊಂಬಿರಲ್ಲ." ಇದು ನಿಜವೇ. ಈ ವಿಷಯ ನನಗೆ ಗೊತ್ತಿತ್ತಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

"ಕೊಳ್ಳಾಗೆ ಗಂಟೆ ಇರ್ತೈತಾ?"

ಪೊದೆಯ ಹಿಂದಿನಿಂದ ಟಿಣ್ ಟಿಣ್ ಎಂದು ಇನ್ನಷ್ಟು ಗಂಟೆಗಳು, ಅವುಗಳ ಹಿಂದೆ ಹೆಗಲ ಮೇಲೆ ಕೋಲಿಟ್ಟುಕೊಂಡ ಆಡು ಕಾಯುವ ಅಜ್ಜ ಬಂದರು. ನಮ್ಮನ್ನು ನೋಡಿ, "ಏನ್ ಸ್ವಾಮಿ, ಕೊಂಡುಕುರಿ ನೋಡಾಕ ಬಂದ್ರಾ? ಇಷ್ಟು ಗದ್ದಲ ಮಾಡಿದ್ರೆ ನನ್ನ ಆಡೇ ನಿಲ್ಲಾಕಿಲ್ಲ" ಅಂದರು. ಹುಡುಗಿ ಅವರ ಪಕ್ಕ ಹೋಗಿ ಕೂತಳು. ಎಲ್ಲಿ ನೀರಿಗೆ ಬರುತ್ತದೆ, ಹಿಕ್ಕೆ ಎಲ್ಲಿ ಹಾಕುತ್ತದೆ, ಮಳೆಗಾಲದಲ್ಲಿ ಯಾವ ಕಡೆ ಹೋಗುತ್ತದೆ, ಎಲ್ಲ ಕೇಳಿ ತಿಳಿದುಕೊಂಡಳು. ನಾನು ಜೀಪಿನ ನೆರಳಲ್ಲಿ ಕೂತು ಮೂರು ದಿನದ ಹಿಂದಿನ ಪೇಪರು ಓದಿದೆ.

ಇನ್ನು ಸ್ವಂತ ಮನೆ. ನನ್ನ ಮಗಳಿಗೆ ಹನ್ನೊಂದು. ಅವಳಿಗೆ 'ಕರ್ವಾಲೊ' ಕೊಟ್ಟೆ, ತೇಜಸ್ವಿಯವರ 1980ರ ಕಾದಂಬರಿ. ದೊಡ್ಡವರಿಗಾಗಿ ಬರೆದದ್ದೇ ಆದರೂ ಹನ್ನೊಂದರ ಮಕ್ಕಳು ನಕ್ಕು ಓದುವ ಪುಸ್ತಕ ಅದು. ಪೇಟೆ ವಿಜ್ಞಾನಿ ಕರ್ವಾಲೊಗೆ ಹಳ್ಳಿಯ ಮಂದಣ್ಣ ಗುರುವಾಗುತ್ತಾನೆ, ಬಿರಿಯಾನಿ ಕರಿಯಪ್ಪ, ಪ್ಯಾರ, ಕಿವಿ ಎಂಬ ನಾಯಿ ಎಲ್ಲರೂ ಸೇರಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಮಗಳು ಮುಕ್ಕಾಲು ಮುಗಿಸಿದ್ದಳು. ಅವಳು ಓದುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಕೊನೆಯಲ್ಲಿ ಆ ಓತಿ ಏನು ಮಾಡುತ್ತೆ ಗೊತ್ತಾ?" ಎಂದು ಶುರು ಮಾಡಿ ಹೇಳಿಯೇಬಿಟ್ಟೆ. ಅವಳು ಪುಸ್ತಕ ಮುಚ್ಚಿ ನನ್ನನ್ನು ನೋಡಿದ ನೋಟವನ್ನು ಬರೆಯಲು ಕನ್ನಡದಲ್ಲಿ ಪದವಿಲ್ಲ. ಅಂದಿನಿಂದ ಮನೆಯಲ್ಲಿ ಹೊಸ ಕಾನೂನು: ಎಲ್ಲರೂ ಓದಿ ಮುಗಿಸುವ ತನಕ ಅಪ್ಪ ಆ ಪುಸ್ತಕದ ಹೆಸರನ್ನೂ ಎತ್ತುವ ಹಾಗಿಲ್ಲ. ಕಾನೂನು ಮಾಡಿದವಳು ಮಗಳು, ಸಹಿ ಹಾಕಿದವಳು ಅವಳ ತಾಯಿ, ಸಾಕ್ಷಿ ಅವ್ವ.

ರಜೆಯ ಕೊನೆಗೆ ಮಕ್ಕಳೆಲ್ಲ ಚನ್ನಗಿರಿಗೆ ಬಂದರು. ಅವರು ಸೇರಿ ಕರ್ವಾಲೊ ಆಟ ಕಟ್ಟಿದರು. ನಾನು ಕನ್ನಡಕ, ವಯಸ್ಸು, ಗಾಂಭೀರ್ಯ ಎಲ್ಲ ಲೆಕ್ಕ ಹಾಕಿ ಕರ್ವಾಲೊ ಪಾತ್ರಕ್ಕೆ ಸಿದ್ಧನಾಗಿ ನಿಂತೆ. "ಮಾವ ಕಿವಿ" ಎಂದು ಹೊನ್ನಾಳಿಯವನು ಹಂಚಿದ. "ನಾಯಿನಾ?" ಅಂದೆ. "ಅದಕ್ಕೆ ಮಾತಿಲ್ಲ, ಹಂಗಾಗಿ ನಿಮಗೆ ಕೊಟ್ಟೀವಿ" ಎಂದು ಮಗಳು ಸಮಾಧಾನ ಹೇಳಿದಳು.

ನಾಯಿಯ ಪಾತ್ರದಿಂದ ಮೇಲೇಳಲು ಒಂದೇ ದಾರಿ ಉಳಿದಿತ್ತು: ನಮ್ಮ ಊರಿನ ಹಿರಿಮೆ. ಎಲ್ಲರನ್ನೂ ಹೊದಿಗೆರೆಗೆ ಹೊರಡಿಸಿದೆ. ಎಚ್.ಎಸ್. ವೆಂಕಟೇಶಮೂರ್ತಿ ಹುಟ್ಟಿದ ಊರು. ಮಕ್ಕಳಿಗೆ ನಾಟಕ, ಪದ್ಯ ಬರೆದವರು, 1993ರ 'ಚಿನ್ನಾರಿ ಮುತ್ತ' ಸಿನಿಮಾಕ್ಕೆ ಹಾಡು ಬರೆದವರು, ಮಕ್ಕಳ ಸಾಹಿತ್ಯಕ್ಕೆ 2013ರ ಬಾಲಸಾಹಿತ್ಯ ಪುರಸ್ಕಾರ ಪಡೆದವರು, 2020ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ಆ ಊರಲ್ಲೇ ಶಿವಾಜಿಯ ತಂದೆ ಶಹಾಜಿಯ ಸಮಾಧಿಯೂ ಇದೆ. 1664ರಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ಇಲ್ಲೇ ತೀರಿಕೊಂಡ. ಇಷ್ಟು ಹೇಳುವಷ್ಟರಲ್ಲಿ ನ್ಯಾಮತಿಯವನು, "ಹ್ಯಾಂಗೆ ಬಿದ್ದ ಮಾವ?" ಅಂದ.

ಹೇಗೆ ಎಂದು ಕೇಳಿದ ಮೇಲೆ ತೋರಿಸದಿದ್ದರೆ ಹೇಗೆ? ಮೊಪೆಡನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಏರಿದೆ. ಒಂದು ಕೈಯಲ್ಲಿ ಲಗಾಮು, ಇನ್ನೊಂದು ಕೈಯಲ್ಲಿ ಈಟಿ, ಅಂದರೆ ಛತ್ರಿ. "ಕುದುರೆಯ ಕಾಲು ಬಳ್ಳಿಗೆ ಸಿಕ್ಕಿತು" ಎಂದು ಮುಂದಕ್ಕೆ ಬಾಗಿದೆ. ಸ್ಟ್ಯಾಂಡು ಇತಿಹಾಸವನ್ನು ನನಗಿಂತ ಗಂಭೀರವಾಗಿ ತೆಗೆದುಕೊಂಡಿತು. ಶಹಾಜಿ ಬಿದ್ದದ್ದು ಓಡುವ ಕುದುರೆಯಿಂದ, ನಾನು ಬಿದ್ದದ್ದು ನಿಂತ ಮೊಪೆಡ್ಡಿನಿಂದ. ಮಕ್ಕಳು ಚಪ್ಪಾಳೆ ತಟ್ಟಿದವು. ಸಮಾಧಿ ನೋಡಲು ಬಂದಿದ್ದ ಹೊರಗಿನವರು ಕೂಡ ತಟ್ಟಿದರು. ಸ್ಥಳೀಯ ವ್ಯವಸ್ಥೆ ಅಂದುಕೊಂಡಿರಬೇಕು.

ಮೊಣಕಾಲಿಗೆ ಅರಿಶಿನ ಮೆತ್ತಿಸಿಕೊಂಡು ಮಲಗಿದ್ದಾಗ ನನಗೆ ಒಂದು ಸತ್ಯ ಹೊಳೆಯಿತು. ಮಲಗಿದಾಗ ಮಾತ್ರ ಇಂಥವು ಹೊಳೆಯುತ್ತವೆ. ಮಕ್ಕಳ ಸಾಹಸದ ಪುಸ್ತಕ ಯಾವುದನ್ನೇ ತೆಗೆಯಿರಿ, ದೊಡ್ಡವರು ಇರುವ ತನಕ ಕಥೆ ಮೇಲೇಳುವುದಿಲ್ಲ. 1883ರ 'ಟ್ರೆಷರ್ ಐಲ್ಯಾಂಡ್'ನಲ್ಲಿ ಹುಡುಗನ ಅಪ್ಪ ಶುರುವಿನಲ್ಲೇ ತೀರಿಕೊಳ್ಳುತ್ತಾನೆ. 1876ರ ಟಾಮ್ ಸಾಯರ್‌ಗೆ ಅಪ್ಪ ಅಮ್ಮ ಇಲ್ಲ, ಚಿಕ್ಕಮ್ಮನಿಗೆ ಅವನನ್ನು ಹಿಡಿಯಲಾಗುವುದಿಲ್ಲ. 1865ರ ಆಲಿಸ್‌ಳ ಅಕ್ಕ ಪಕ್ಕದಲ್ಲೇ ಇದ್ದಾಳೆ, ಆದರೆ ಪುಸ್ತಕ ಓದುತ್ತಿದ್ದಾಳೆ. ದೊಡ್ಡವರು ಪುಸ್ತಕದೊಳಗೆ ಮುಖ ಹಾಕಿದ್ದರಿಂದಲೇ ಮಗು ಬಿಲದೊಳಗೆ ಬಿತ್ತು. ಆ ಮಗುವನ್ನೇ ನಾ. ಕಸ್ತೂರಿ 'ಪಾತಾಳದಲ್ಲಿ ಪಾಪಚ್ಚಿ' ಮಾಡಿ ಕನ್ನಡದ ಬಿಲಕ್ಕೆ ಇಳಿಸಿದರು. ಅಂದರೆ ಒಳ್ಳೆಯ ಪುಸ್ತಕ ಹುಡುಕಿ ಕೊಡುವುದಷ್ಟೇ ನಮ್ಮ ಕೆಲಸ. ಕೊಟ್ಟ ಮೇಲೆ ದೂರ ಸರಿಯಬೇಕು. ಇದು ಹೊಳೆದ ಖುಷಿಗೆ ಎದ್ದು ಕುಂಟುತ್ತ ಮಕ್ಕಳಿಗೆ ಹೇಳಲು ಹೋದೆ. ಸರಿಯಬೇಕು ಎಂಬುದನ್ನು ಹೇಳಲೇ ಹತ್ತಿರ ಹೋದೆ ನೋಡಿ.

ಅಟ್ಟದ ಮೇಲೆ ಅನುಮಾನ ಬರುವಷ್ಟು ನಿಶ್ಶಬ್ದ. ನಾಲ್ವರೂ ಒಂದು ಲಾಂಗ್ ನೋಟ್‌ಬುಕ್ಕಿನ ಸುತ್ತ ಬೋರಲು ಮಲಗಿದ್ದರು. ಕಾದಂಬರಿ ಬರೆಯುತ್ತಿದ್ದರಂತೆ. ಸೂಳೆಕೆರೆ, ಅಂದರೆ ಶಾಂತಿಸಾಗರ, ಅದರ ತಳದಲ್ಲಿ ಕೆರೆ ಕಟ್ಟಿಸಿದ ಶಾಂತವ್ವ ಬಚ್ಚಿಟ್ಟ ಪೆಟ್ಟಿಗೆ ಇದೆ. ಅದನ್ನು ಹುಡುಕಲು ಸಂತೇಬೆನ್ನೂರು ಪುಷ್ಕರಣಿಯಿಂದ ಸುರಂಗ. ಜಗಳೂರಿನವಳು ಕೊಂಡುಕುರಿ ಏರಿ ಬರುತ್ತಾಳೆ. ಹೊನ್ನಾಳಿಯವನ ಹೋರಿ ಸುರಂಗದ ಬಂಡೆ ಒಡೆಯುತ್ತದೆ. ನ್ಯಾಮತಿಯವನು ಕಳೆದುಹೋಗಿ ತನ್ನನ್ನು ತಾನೇ ಪತ್ತೆ ಮಾಡಿಕೊಳ್ಳುತ್ತಾನೆ. ನನ್ನ ಮಗಳು ಬರೆಯುತ್ತಾಳೆ, ಅವಳ ಅಕ್ಷರ ಚೆನ್ನ.

ನಾನು ಪುಟ ತಿರುವಿದೆ. "ನಾನೆಲ್ಲಿದ್ದೀನಿ ಇದರಾಗೆ?"

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಮೊದಲನೇ ಪುಟದಾಗೆ ಇದ್ದೀರಿ ಮಾವ" ಎಂದು ನ್ಯಾಮತಿಯವನು ತೋರಿಸಿದ. ಮೊದಲ ಸಾಲಿನಲ್ಲಿ ಮಾವ ಎದ್ದು, ಎರಡನೇ ಸಾಲಿನಲ್ಲಿ ಬೆಣ್ಣೆ ದೋಸೆ ತಿನ್ನಲು ದಾವಣಗೆರೆಗೆ ಹೋಗುತ್ತಾರೆ. ಮೂರನೇ ಸಾಲಿನಿಂದ ಕಥೆ ಶುರು.

"ಮತ್ತೆ ಯಾವಾಗ ಬರ್ತೀನಿ?"

"ಬರಲ್ಲಪ್ಪಾ" ಅಂದಳು ಮಗಳು. "ನೀವು ಬಂದ್ರೆ ಕೊನೆ ಹೇಳಿಬಿಡ್ತೀರಿ."

ವಾದ ಮಾಡಿದೆ, ಬೇಡಿಕೊಂಡೆ, ಬೀರುವಿನ ಕೀಲಿ ಕೊಡುತ್ತೇನೆ ಅಂದೆ. ಕೀಲಿ ತೆಗೆದುಕೊಂಡರು, ಪಾತ್ರ ಕೊಡಲಿಲ್ಲ. ಕೊನೆಗೆ ಜಗಳೂರಿನವಳಿಗೆ ಸ್ವಲ್ಪ ಕರುಣೆ ಬಂದು ಒಂದು ತಿದ್ದುಪಡಿ ಸೂಚಿಸಿದಳು. ಮೊದಲು ಒಂದೇ ದೋಸೆ ಬರೆದಿದ್ದರು, ಈಗ ಎರಡು ಮಾಡಿದ್ದಾರೆ. ಆಲೂಗಡ್ಡೆ ಪಲ್ಯ ಎರಡನೇ ಸಲ ಹಾಕಿಸಿಕೊಳ್ಳುವುದೋ ಬೇಡವೋ ಎಂಬುದರ ಮೇಲೆ ಮಾತುಕತೆ ಇನ್ನೂ ನಡೆದಿದೆ.